ಒಳಹರಿವಿನ ಪದ: ಇನ್‌ಫ್ಲುಯೆನ್ಸ್ ಅನ್ನು ಅರಿತು ಬಳಸುವ ಬಗೆ

ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಸುದ್ದಿಯೊಂದರ ಕನ್ನಡ ಅನುವಾದ ತಿದ್ದುಪಡಿಗಾಗಿ ನನ್ನ ಕೈಗೆ ಬಂತು. ಅದರಲ್ಲೊಂದು ಸಾಲು ಹೀಗಿತ್ತು: ‘ಚಾಲಕನು ಪ್ರಭಾವದ ಅಡಿಯಲ್ಲಿ ಕಾರು ಓಡಿಸುತ್ತಿದ್ದನು.’ ಇದನ್ನು ಓದಿದವರು ಏನೆಂದುಕೊಳ್ಳಬೇಕು? ಯಾರೋ ದೊಡ್ಡವರ ಕಡೆಯ ಹುಡುಗ, ಹೇಳುವವರು ಕೇಳುವವರು ಇಲ್ಲದೆ ಗಾಡಿ ನುಗ್ಗಿಸಿದ್ದಾನೆ ಎಂದು ತಾನೆ? ಮೂಲದಲ್ಲಿದ್ದ ಸಂಗತಿ ಅಷ್ಟು ರೋಚಕವಾದದ್ದೇನಲ್ಲ. ಅವನು ಕುಡಿದಿದ್ದ, ಅಷ್ಟೇ.

ಅನುವಾದಕರು ನಿಘಂಟು ನೋಡಿಯೇ ಬರೆದಿದ್ದರು. ನಿಘಂಟು ಸುಳ್ಳು ಹೇಳಿರಲಿಲ್ಲ. ಇನ್‌ಫ್ಲುಯೆನ್ಸ್ ಎಂದರೆ ಪ್ರಭಾವ. ಶಾಲೆಯಲ್ಲಿ ನಾವೆಲ್ಲ ಕಲಿತದ್ದೂ ಅದನ್ನೇ. ತೊಂದರೆ ಏನೆಂದರೆ, ಆರು ನೂರು ವರ್ಷಗಳಿಂದ ಇಂಗ್ಲಿಷಿನಲ್ಲಿ ಓಡಾಡಿಕೊಂಡಿರುವ ಈ ಪದಕ್ಕೆ ಈಗ ಏಳೆಂಟು ಮುಖಗಳಿವೆ, ಅವುಗಳಲ್ಲಿ ಕೆಲವಕ್ಕೆ ಮಾತ್ರ ‘ಪ್ರಭಾವ’ ಸರಿಯಾಗಿ ಒಪ್ಪುತ್ತದೆ. ಉಳಿದವನ್ನು ಗುರುತಿಸುವುದು ಹೇಗೆ, ಬರೆಯುವಾಗ ಎಡವದಿರುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ವ್ಯಾಕರಣದ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಈ ಪದದ ಹೊಟ್ಟೆಯೊಳಗೆ ಒಂದು ಹಳೆಯ ಚಿತ್ರ ಅಡಗಿದೆ. ಅದನ್ನು ಒಮ್ಮೆ ಕಂಡುಕೊಂಡರೆ ಮುಕ್ಕಾಲು ಪಾಲು ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಮೊದಲ ಹೆಜ್ಜೆ: ಪದವನ್ನು ಬಿಡಿಸಿ ನೋಡಿ

ಲ್ಯಾಟಿನ್ ಭಾಷೆಯಲ್ಲಿ ‘ಫ್ಲುಯೆರೆ’ ಎಂದರೆ ಹರಿಯುವುದು. ಅದರ ಮೊದಲಿಗೆ ‘ಇನ್’ ಸೇರಿ ‘ಇನ್‌ಫ್ಲುಯೆರೆ’ ಆದರೆ ಒಳಕ್ಕೆ ಹರಿಯುವುದು. ಮಧ್ಯಯುಗದ ಲ್ಯಾಟಿನ್‌ನಲ್ಲಿ ಇದರಿಂದ ‘ಇನ್‌ಫ್ಲುಯೆಂಶಿಯಾ’ ಎಂಬ ನಾಮಪದ ಹುಟ್ಟಿ, ಹಳೆಯ ಫ್ರೆಂಚ್‌ನ ಮೂಲಕ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷನ್ನು ಸೇರಿತು. ಕನ್ನಡದಲ್ಲಿ ಇದಕ್ಕೆ ಅಕ್ಷರಶಃ ಸಮನಾದ ಮಾತು ಒಳಹರಿವು. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ ಬರೆಯುವಾಗ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಅದೇ ಒಳಹರಿವು.

ಈ ಒಂದು ಚಿತ್ರವನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಎಲ್ಲಿಂದಲೋ ಒಂದು ಹರಿವು ಸದ್ದಿಲ್ಲದೆ ಬರುತ್ತದೆ, ಒಳಗೆ ಇಳಿಯುತ್ತದೆ, ಇಳಿದ ಮೇಲೆ ಒಳಗಿನದು ಮೊದಲಿನಂತೆ ಇರುವುದಿಲ್ಲ. ಹೊಡೆತವಿಲ್ಲ, ಆಜ್ಞೆಯಿಲ್ಲ.

ಪದದ ಒಡಹುಟ್ಟುಗಳನ್ನು ಪರಿಚಯ ಮಾಡಿಕೊಂಡರೆ ಚಿತ್ರ ಇನ್ನೂ ಗಟ್ಟಿಯಾಗುತ್ತದೆ. ಮಾತು ತಡೆಯಿಲ್ಲದೆ ಹರಿದರೆ ಫ್ಲುಯೆಂಟ್. ಹರಿಯುವ ಗುಣವಿರುವ ವಸ್ತು ಫ್ಲೂಯಿಡ್. ಎರಡು ಹೊಳೆಗಳು ಕೂಡುವ ಜಾಗ ಕಾನ್‌ಫ್ಲುಯೆನ್ಸ್, ನಮ್ಮ ಸಂಗಮ. ಸಂಪತ್ತು ತಾನಾಗಿ ಹರಿದು ಬಂದವನು ಅಫ್ಲುಯೆಂಟ್. ಕಾರ್ಖಾನೆಯಿಂದ ಹೊರಹರಿಯುವ ಕೊಳಕು ನೀರು ಎಫ್ಲುಯೆಂಟ್. ಒಂದೇ ಅಕ್ಷರದ ವ್ಯತ್ಯಾಸ, ಅವಸರದಲ್ಲಿ ಇವೆರಡನ್ನು ಅದಲು ಬದಲು ಮಾಡಿದರೆ ಸಿರಿವಂತರು ಚರಂಡಿಗೆ ಬಿದ್ದಾರು. ಪಾತ್ರೆ ತುಂಬಿ ಮೇಲೆ ಚೆಲ್ಲಿದ್ದು, ಅಂದರೆ ಬೇಡವಾದದ್ದು, ಸೂಪರ್‌ಫ್ಲುಯಸ್. ಜೇನು ಹರಿದಂತಿರುವ ದನಿ ಮೆಲಿಫ್ಲುಯಸ್.

ಇಲ್ಲೊಂದು ಎಚ್ಚರಿಕೆ. ಹರಿವು ಎಂಬ ಅರ್ಥದ ‘ಫ್ಲೋ’ ಕೂಡ ಇದೇ ಮನೆಯ ಮಗು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲ. ಫ್ಲೋ ಇಂಗ್ಲಿಷಿನ ಸ್ವಂತ ಪದ, ಲ್ಯಾಟಿನ್‌ನಿಂದ ಬಂದದ್ದಲ್ಲ. ತೇಲು ಎಂಬರ್ಥದ ಸಂಸ್ಕೃತದ ‘ಪ್ಲು’ ಧಾತು, ಅದರಿಂದ ಆದ ‘ಪ್ಲವ’, ಅದರ ದೂರದ ನೆಂಟರು. ಹೋಲಿಕೆ ನೋಡಿ ನೆಂಟಸ್ತನ ಕಟ್ಟಬಾರದು. ನಮ್ಮಲ್ಲೂ ಇಂಥದ್ದೇ ಒಂದು ಜೋಡಿಯಿದೆ: ಪ್ರಭಾವ ಮತ್ತು ಪ್ರಭೆ. ಪ್ರಭೆ ಬಂದದ್ದು ಹೊಳೆಯುವುದು ಎಂಬರ್ಥದ ‘ಭಾ’ ಧಾತುವಿನಿಂದ. ಪ್ರಭಾವ ಬಂದದ್ದು ಇರುವುದು, ಆಗುವುದು ಎಂಬರ್ಥದ ‘ಭೂ’ ಧಾತುವಿನಿಂದ. ಪ್ರಭಾವದ ನಿಜವಾದ ಒಡಹುಟ್ಟು ಪ್ರಭು.

ಈ ಎರಡು ಭಾಷೆಗಳು ನಿಂತಿರುವ ಜಾಗವನ್ನು ಗಮನಿಸಿ. ಪ್ರಭಾವದಲ್ಲಿರುವ ‘ಪ್ರ’ ಮುಂದಕ್ಕೆ, ಹೊರಕ್ಕೆ ಎನ್ನುತ್ತದೆ. ಶಕ್ತಿ ಯಾರಿಂದ ಹೊಮ್ಮುತ್ತದೆಯೋ ಅವರ ಪಕ್ಕದಲ್ಲಿ ನಿಂತು ಆಡಿದ ಮಾತು ಅದು. ಇನ್‌ಫ್ಲುಯೆನ್ಸ್‌ನಲ್ಲಿರುವ ‘ಇನ್’ ಒಳಕ್ಕೆ ಎನ್ನುತ್ತದೆ. ಅದು ಯಾರೊಳಗೆ ಇಳಿಯಿತೋ ಅವರ ಪಕ್ಕದಲ್ಲಿ ನಿಂತ ಮಾತು. ಕನ್ನಡಿಗರು ಈ ಪದದ ಬಳಕೆಯಲ್ಲಿ ಮಾಡುವ ತಪ್ಪುಗಳಲ್ಲಿ ಅನೇಕವು ಈ ದಿಕ್ಕಿನ ವ್ಯತ್ಯಾಸದಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ಎರಡನೆಯ ಹೆಜ್ಜೆ: ಅದು ಆಕಾಶದಿಂದ ಇಳಿದು ಬಂದ ದಾರಿಯನ್ನು ತಿಳಿಯಿರಿ

ಇಂಗ್ಲಿಷಿಗೆ ಬಂದಾಗ ಇನ್‌ಫ್ಲುಯೆನ್ಸ್ ಮನುಷ್ಯರ ಸಂಗತಿಯೇ ಆಗಿರಲಿಲ್ಲ. ಅದು ಜ್ಯೋತಿಷ್ಯದ ಪಾರಿಭಾಷಿಕ ಪದ. ನಕ್ಷತ್ರ, ಗ್ರಹಗಳಿಂದ ಕಣ್ಣಿಗೆ ಕಾಣದ ಸೂಕ್ಷ್ಮವಾದ ದ್ರವವೊಂದು ಭೂಮಿಗೆ ಹರಿದು ಬಂದು ಮನುಷ್ಯರ ಒಳಗೆ ಇಳಿಯುತ್ತದೆ, ಅವರ ಸ್ವಭಾವವನ್ನೂ ಹಣೆಬರಹವನ್ನೂ ತಿದ್ದುತ್ತದೆ ಎಂದು ಅಂದಿನ ಯುರೋಪಿನ ಪಂಡಿತರು ನಂಬಿದ್ದರು. 14ನೇ ಶತಮಾನದ ಕವಿ ಚಾಸರ್ ಈ ಪದವನ್ನು ಬಳಸಿದ್ದು ಈ ಅರ್ಥದಲ್ಲೇ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ಕೃತ್ತಿಕಾ ನಕ್ಷತ್ರಪುಂಜದ ಸವಿಯಾದ ಇನ್‌ಫ್ಲುಯೆನ್ಸ್‌ಗಳನ್ನು ನೀನು ಕಟ್ಟಿಹಾಕಬಲ್ಲೆಯಾ ಎಂದು ದೇವರು ಯೋಬನನ್ನು ಕೇಳುತ್ತಾನೆ.

ನಾವು ಇದನ್ನು ಕೇಳಿ ನಗುವಂತಿಲ್ಲ. ‘ಗ್ರಹಚಾರ’ ಎಂಬ ಮಾತಿನ ಮೂಲಾರ್ಥ ಗ್ರಹಗಳ ಸಂಚಾರ, ಅಷ್ಟೇ. ‘ನನ್ನ ಗ್ರಹಚಾರ’ ಎಂದು ಹಣೆ ಚಚ್ಚಿಕೊಳ್ಳುವವನು ಆಡುತ್ತಿರುವುದೂ ಜ್ಯೋತಿಷ್ಯದ ಮಾತೇ. ಒಂದು ಸಣ್ಣ ವ್ಯತ್ಯಾಸ ಮಾತ್ರ ಸೊಗಸಾಗಿದೆ. ಗ್ರಹ ಎಂದರೆ ಹಿಡಿಯುವುದು. ಲ್ಯಾಟಿನ್‌ನವರ ಗ್ರಹ ಮೆಲ್ಲಗೆ ಒಳಗೆ ಹರಿಯಿತು, ನಮ್ಮದು ಬಂದು ಹಿಡಿದುಕೊಂಡಿತು.

ಇಟಲಿಯಲ್ಲಿ ಇದೇ ಪದ ‘ಇನ್‌ಫ್ಲುಯೆಂಜಾ’ ಆಯಿತು. ಊರಿಗೆ ಊರೇ ಒಟ್ಟಿಗೆ ಜ್ವರ ಹಿಡಿದು ಮಲಗಿದಾಗ, ಇದು ಆಕಾಶದಿಂದ ಹರಿದು ಬಂದದ್ದಲ್ಲದೆ ಬೇರೇನಿರಲು ಸಾಧ್ಯ ಎಂದು ಅಲ್ಲಿನವರು ಆ ಪಿಡುಗಿಗೂ ಇದೇ ಹೆಸರಿಟ್ಟರು. 1743ರಲ್ಲಿ ಇಟಲಿಯಿಂದ ಹಬ್ಬಿದ ಅಂಥದ್ದೊಂದು ಪಿಡುಗಿನ ಜೊತೆಯಲ್ಲಿ ಹೆಸರೂ ಇಂಗ್ಲೆಂಡಿಗೆ ಬಂತು. ನಾವು ಇಂದು ಫ್ಲೂ ಎಂದು ಮೊಟಕುಗೊಳಿಸಿ ಕರೆಯುವುದು ಅದನ್ನೇ. ಮನುಷ್ಯರಲ್ಲಿ ಈ ಕಾಯಿಲೆ ತರುವ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದು 1933ರಲ್ಲಿ. ಅಷ್ಟು ಹೊತ್ತಿಗೆ ನಕ್ಷತ್ರಗಳ ಹೆಸರು ರೋಗಕ್ಕೆ ಅಂಟಿ ಎರಡು ಶತಮಾನ ಸಂದಿದ್ದವು, ಇನ್ನು ಬದಲಾಯಿಸುವವರು ಯಾರು? ಕೆಟ್ಟ ಗಾಳಿ ಎಂದು ಹೆಸರು ಹೊತ್ತ ಮಲೇರಿಯಾ ಕೂಡ ಹೀಗೆಯೇ ಉಳಿದುಕೊಂಡಿದೆ.

ಆಕಾಶದ ಈ ನಂಟು ಗೆಲಿಲಿಯೋನಂಥವನನ್ನೂ ದಾರಿ ತಪ್ಪಿಸಿತು. ಕಡಲಿನ ಉಬ್ಬರವಿಳಿತಕ್ಕೆ ಚಂದ್ರನ ಸೆಳೆತ ಕಾರಣ ಎಂದು ಖಗೋಳಶಾಸ್ತ್ರಜ್ಞ ಕೆಪ್ಲರ್ 1609ರಲ್ಲೇ ಬರೆದಿದ್ದ. ದೂರದ ಆಕಾಶಕಾಯವೊಂದು ಇಲ್ಲಿನ ನೀರನ್ನು ಆಳುತ್ತದೆ ಎಂಬ ಮಾತು ಗೆಲಿಲಿಯೋವಿನ ಕಿವಿಗೆ ಜ್ಯೋತಿಷಿಗಳ ಗೊಣಗಾಟದಂತೆಯೇ ಕೇಳಿಸಿತು. 1632ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಕೆಪ್ಲರ್‌ನಂಥ ತೀಕ್ಷ್ಣಮತಿ ಇಂಥ ಗುಪ್ತಗುಣಗಳಿಗೆ ಕಿವಿಗೊಟ್ಟನಲ್ಲ ಎಂದು ವಿಸ್ಮಯಪಟ್ಟ. ಭೂಮಿಯ ಚಲನೆಯಿಂದಲೇ ನೀರು ತುಳುಕುತ್ತದೆ ಎಂದು ವಾದಿಸಿದ. ಕೊನೆಗೆ 1687ರಲ್ಲಿ ನ್ಯೂಟನ್‌ನ ಗುರುತ್ವಾಕರ್ಷಣೆಯ ಲೆಕ್ಕಾಚಾರ ಬಂದಾಗ ಕೆಪ್ಲರ್‌ನ ಪಕ್ಷವೇ ಗೆದ್ದಿತು. ಕೆಟ್ಟ ಸಹವಾಸದಲ್ಲಿದ್ದ ಒಂದು ಕಲ್ಪನೆ ನಿಜವೂ ಆಗಿರಬಹುದು ಎಂಬುದನ್ನು ಗೆಲಿಲಿಯೋ ಊಹಿಸಲಿಲ್ಲ.

ನಕ್ಷತ್ರಗಳಿಂದ ಮನುಷ್ಯರಿಗೆ ಪದ ಇಳಿದದ್ದು ನಿಧಾನವಾಗಿ, 15 ಮತ್ತು 16ನೇ ಶತಮಾನಗಳಲ್ಲಿ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಕಣ್ಣಿಗೆ ಕಾಣದಂತೆ ಬದಲಿಸುವ ಬಗೆಗೂ ಇದೇ ಮಾತು ಸಲ್ಲತೊಡಗಿತು. 17ನೇ ಶತಮಾನದ ನಡುಭಾಗಕ್ಕೆ ಅದು ಕ್ರಿಯಾಪದವೂ ಆಯಿತು. ಇಂದಿನ ಮೊಬೈಲ್ ಪರದೆಯ ಕೂಸು ಎಂದು ನಾವು ತಿಳಿದಿರುವ ಇನ್‌ಫ್ಲುಯೆನ್ಸರ್ ಎಂಬ ರೂಪವೂ ಅದೇ ಶತಮಾನದ್ದು.

ಮೂರನೆಯ ಹೆಜ್ಜೆ: ಉಚ್ಚಾರ

ಇದಕ್ಕೆ ಹೆಚ್ಚು ಹೊತ್ತು ಬೇಡ. ಒತ್ತು ಮೊದಲ ಅಕ್ಷರದ ಮೇಲೆ: ಇನ್. ‘ಫ್ಲು’ ಚಿಕ್ಕದು, ಕೊನೆಯದು ‘ಎನ್ಸ್’ ಎಂದು ಪೂರ್ತಿ ತೆರೆಯದೆ ‘ಅನ್ಸ್’ ಎಂದು ಮುದುಡಿಕೊಳ್ಳುತ್ತದೆ. ನಡುವಿನ ‘ಫ್ಲು’ವನ್ನು ಎಳೆದು ಫ್ಲೂ ಎನ್ನುವುದು ನಮ್ಮವರ ಅಭ್ಯಾಸ. ನಾಮಪದವಾಗಲಿ ಕ್ರಿಯಾಪದವಾಗಲಿ ಒತ್ತು ಅಲ್ಲೇ. ಇನ್‌ಫ್ಲುಯೆನ್ಷಿಯಲ್ ಎಂಬ ಗುಣವಾಚಕದಲ್ಲಿ ಮಾತ್ರ ಒತ್ತು ‘ಎನ್’ ಮೇಲೆ ಜಿಗಿಯುತ್ತದೆ. ಕನ್ನಡದಲ್ಲಿ ಬರೆಯುವಾಗ ಇನ್‌ಫ್ಲುಯೆನ್ಸ್ ಎಂದರೆ ಸಾಕು.

ನಾಲ್ಕನೆಯ ಹೆಜ್ಜೆ: ನಾಮಪದವೋ ಕ್ರಿಯಾಪದವೋ ಎಂದು ಮೊದಲು ತೀರ್ಮಾನಿಸಿ

ನಾನು ತಿದ್ದುವ ಬರಹಗಳಲ್ಲಿ ಅತಿ ಹೆಚ್ಚು ಸಲ ಕಾಣುವ ತಪ್ಪು ಇದೊಂದೇ. ಕನ್ನಡದಲ್ಲಿ ನಾವು ‘ಗುರುಗಳು ನನ್ನ ಮೇಲೆ ಪ್ರಭಾವ ಬೀರಿದರು’ ಎನ್ನುತ್ತೇವೆ. ಆ ‘ಮೇಲೆ’ ಎಂಬುದು ಮನಸ್ಸಿನಲ್ಲಿ ಕುಳಿತಿರುತ್ತದೆ. ಇಂಗ್ಲಿಷ್ ಬರೆಯುವಾಗ ಅದು ತಾನಾಗಿ ‘ಆನ್’ ಆಗಿ ಇಣುಕುತ್ತದೆ, ‘ಇನ್‌ಫ್ಲುಯೆನ್ಸ್ಡ್ ಆನ್ ಮಿ’ ಎಂದು ಬರೆದುಬಿಡುತ್ತೇವೆ. ಇದು ತಪ್ಪು. ಕ್ರಿಯಾಪದಕ್ಕೆ ಆನ್ ಬೇಡ. ‘ಇನ್‌ಫ್ಲುಯೆನ್ಸ್ಡ್ ಮಿ’ ಎಂದರೆ ಮುಗಿಯಿತು. ಯಾರನ್ನು ಎಂಬ ಪ್ರಶ್ನೆಗೆ ಉತ್ತರ ನೇರವಾಗಿ ಬರಬೇಕು.

ಇಂಥ ವಾಕ್ಯದಲ್ಲಿ ನಾಮಪದವಾದರೆ ಆನ್ ಬರುತ್ತದೆ, ಬರಲೇಬೇಕು. ‘ಹ್ಯಾಡ್ ಆ್ಯನ್ ಇನ್‌ಫ್ಲುಯೆನ್ಸ್ ಆನ್ ಮಿ’. ಪರೀಕ್ಷೆ ಸುಲಭ: ವಾಕ್ಯದಲ್ಲಿ ಬೇರೆ ಕ್ರಿಯಾಪದ ಇದೆಯೇ ನೋಡಿ. ಇದ್ದರೆ ಇನ್‌ಫ್ಲುಯೆನ್ಸ್ ಅಲ್ಲಿ ನಾಮಪದ, ಆನ್ ಸೇರಿಸಿ. ಇನ್‌ಫ್ಲುಯೆನ್ಸ್ ತಾನೇ ಕ್ರಿಯಾಪದವಾಗಿ ಕೆಲಸ ಮಾಡುತ್ತಿದ್ದರೆ ಆನ್ ಕಿತ್ತುಹಾಕಿ.

ನಾಮಪದದ ಜೊತೆ ಯಾವ ಕ್ರಿಯಾಪದಗಳು ಹೊಂದುತ್ತವೆ ಎಂಬುದನ್ನು ಇಲ್ಲೇ ಗಮನಿಸಿಬಿಡಿ. ಸಾಮಾನ್ಯ ಮಾತಿಗೆ ಹ್ಯಾವ್. ಒತ್ತಿ ಹೇಳಬೇಕಾದರೆ ಎಕ್ಸರ್ಟ್. ಅಧಿಕಾರದ ವಾಸನೆ ಬೇಕಾದರೆ ವೀಲ್ಡ್. ಅದು ಕತ್ತಿ ಝಳಪಿಸುವ ಕ್ರಿಯೆಗೂ ಬಳಕೆಯಾಗುವ ಪದ. ನಮ್ಮವರು ‘ಗಿವ್’, ‘ಪುಟ್’ ಎಂದು ಬರೆಯುವುದನ್ನು ನೋಡಿದ್ದೇನೆ. ಇಂಗ್ಲಿಷಿನಲ್ಲಿ ಪ್ರಭಾವವನ್ನು ಯಾರೂ ಕೊಡುವುದಿಲ್ಲ, ಹಾಕುವುದೂ ಇಲ್ಲ. ನಮ್ಮ ‘ಬೀರು’ ಎಂಬ ಸುಂದರ ಕ್ರಿಯಾಪದಕ್ಕೆ ಅಲ್ಲಿ ಸಮನಾದದ್ದಿಲ್ಲ, ಹುಡುಕಲು ಹೋಗಬೇಡಿ.

ಐದನೆಯ ಹೆಜ್ಜೆ: ಪಕ್ಕದಲ್ಲಿ ನಿಂತ ಪುಟ್ಟ ಪದವನ್ನು ನೋಡಿ

ಆನ್, ಓವರ್, ವಿತ್, ಅಂಡರ್. ಇನ್‌ಫ್ಲುಯೆನ್ಸ್‌ನ ಅರ್ಥ ತಿರುಗುವುದು ಈ ನಾಲ್ಕು ಕೀಲುಗಳ ಮೇಲೆ. ಒಳಹರಿವಿನ ಚಿತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಹರಿವಿಗೆ ಹೋಲಿಸಿದರೆ ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನಷ್ಟೇ ಕೇಳಿಕೊಳ್ಳಿ.

ಆನ್ ಬಂದರೆ ಹರಿವು ನಿಮ್ಮನ್ನು ಮುಟ್ಟಿದೆ, ಅಷ್ಟೇ. ಯಾರ ಉದ್ದೇಶವೂ ಇರಬೇಕಾಗಿಲ್ಲ. ಹವಾಮಾನಕ್ಕೆ ಬೆಳೆಯ ಮೇಲೆ, ಬಾಲ್ಯಕ್ಕೆ ಬದುಕಿನ ಮೇಲೆ ಇರುವುದು ಇಂಥ ಇನ್‌ಫ್ಲುಯೆನ್ಸ್. ಇಲ್ಲಿ ‘ಪ್ರಭಾವ’ ಅಥವಾ ‘ಪರಿಣಾಮ’ ಎಂದರೆ ಸರಿ.

ಓವರ್ ಬಂದರೆ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಮೇಲಿನವರು ಬೇಕೆಂದಾಗ ತೂಬು ತೆರೆಯಬಲ್ಲರು. ಇಲ್ಲಿ ಕನ್ನಡದ ‘ಹಿಡಿತ’ ಎಂಬ ಪದ ಹೆಚ್ಚು ನಿಖರ. ಅಣ್ಣನಿಗೆ ತಮ್ಮನ ಮೇಲೆ ಇನ್‌ಫ್ಲುಯೆನ್ಸ್ ಇದೆ ಎನ್ನುವಾಗ ಆನ್ ಎಂದರೆ ತಮ್ಮ ಅಣ್ಣನನ್ನು ನೋಡಿ ಕಲಿಯುತ್ತಾನೆ; ಓವರ್ ಎಂದರೆ ಅಣ್ಣ ಹೇಳಿದಂತೆ ಕೇಳುತ್ತಾನೆ.

ವಿತ್ ಬಂದರೆ ಇಬ್ಬರೂ ಅಕ್ಕಪಕ್ಕ. ಅಧಿಕಾರ ಇರುವುದು ಎದುರಿಗಿನವರಿಗೆ, ಅವರ ಬಳಿ ನಮ್ಮ ಮಾತಿಗೆ ಬೆಲೆಯಿದೆ. ಇದನ್ನು ‘ಪ್ರಭಾವ’ ಎಂದು ಅನುವಾದಿಸಿದರೆ ಮಾತು ಒಣಗುತ್ತದೆ. ‘ಅವರ ಹತ್ತಿರ ಇವರ ಮಾತು ನಡೆಯುತ್ತದೆ’ ಎನ್ನಿ.

ಅಂಡರ್ ಬಂದರೆ ಹರಿವಿನ ಕೆಳಗೆ ಪೂರ್ತಿ ಮುಳುಗಿದ ಸ್ಥಿತಿ. ‘ಅಂಡರ್ ದಿ ಇನ್‌ಫ್ಲುಯೆನ್ಸ್ ಆಫ್’ ಎಂದು ಬಂದು ಮುಂದೆ ವ್ಯಕ್ತಿಯ ಹೆಸರೋ ಪಂಥದ ಹೆಸರೋ ಇದ್ದರೆ ಪ್ರಭಾವಕ್ಕೆ ಒಳಗಾಗು ಎಂಬುದು ಸರಿಯಾದ ಕನ್ನಡ. ಮುಂದೆ ಏನೂ ಇಲ್ಲದೆ ಬರೀ ‘ಅಂಡರ್ ದಿ ಇನ್‌ಫ್ಲುಯೆನ್ಸ್’ ಎಂದು ನಿಂತರೆ ಕುಡಿತ ಅಥವಾ ಮಾದಕ ಪದಾರ್ಥ ಎಂದೇ ಅರ್ಥ. 19ನೇ ಶತಮಾನದಲ್ಲಿ ಹುಟ್ಟಿದ ಈ ನಯವಾದ ಮರೆಮಾತು ಈಗ ಹಲವು ದೇಶಗಳ ಸಂಚಾರ ಕಾನೂನಿನ ಭಾಷೆಯಾಗಿದೆ. ಮೊದಲಿಗೆ ಹೇಳಿದ ಕಾರಿನ ಚಾಲಕ ಈ ಗುಂಪಿನವನು.

ಅವನಿಗೆ ಒಪ್ಪುವ ಕನ್ನಡ ‘ಅಮಲು’. ಈ ಪದವನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಅರಬ್ಬಿಯಿಂದ ಬಂದ ಅಮಲು ನಮ್ಮಲ್ಲಿ ಆಡಳಿತವೂ ಹೌದು, ನಶೆಯೂ ಹೌದು. ಕಾಯ್ದೆ ಅಮಲಿಗೆ ಬರುತ್ತದೆ, ಹಿಂದೆ ಅಮಲ್ದಾರ ಕಂದಾಯ ಕೇಳುತ್ತಿದ್ದ, ಕುಡಿದವನಿಗೆ ಅಮಲೇರುತ್ತದೆ. ಅಧಿಕಾರ ಮತ್ತು ನಶೆ ಎರಡನ್ನೂ ಒಂದೇ ಪದದಲ್ಲಿ ಹೊತ್ತು ತಿರುಗುವುದರಲ್ಲಿ ಕನ್ನಡ ಇಂಗ್ಲಿಷಿಗಿಂತ ಹಿಂದೆ ಬಿದ್ದಿಲ್ಲ.

ಈ ಕೀಲುಗಳಿಲ್ಲದೆ ಬೇರೆ ಪದಗಳೊಂದಿಗೆ ಗಂಟು ಹಾಕಿಕೊಂಡ ಕೆಲವು ಜೋಡಿಗಳಿವೆ. ಅವುಗಳಲ್ಲಿ ಎರಡನ್ನು ವಿವರವಾಗಿ ತಿಳಿದಿರಬೇಕು.

ಮೊದಲನೆಯದು ‘ಸ್ಫಿಯರ್ ಆಫ್ ಇನ್‌ಫ್ಲುಯೆನ್ಸ್’, ಪ್ರಭಾವ ವಲಯ. 19ನೇ ಶತಮಾನದ ಸಾಮ್ರಾಜ್ಯಗಳು ತಮ್ಮದಲ್ಲದ ನೆಲವನ್ನು ತಮ್ಮೊಳಗೆ ಹಂಚಿಕೊಳ್ಳುವಾಗ ಬಳಸಿದ ಮಾತು. ಗೆದ್ದೆವು ಎನ್ನುವುದಿಲ್ಲ, ಆಳುತ್ತೇವೆ ಎಂದೂ ಹೇಳುವುದಿಲ್ಲ, ಅಲ್ಲಿ ಬೇರೆ ಯಾರೂ ಕಾಲಿಡಕೂಡದು ಎನ್ನುತ್ತಾರೆ. 1907ರಲ್ಲಿ ಬ್ರಿಟನ್ ಮತ್ತು ರಷ್ಯಾ ಪರ್ಷಿಯಾವನ್ನು ಹೀಗೆ ಹಂಚಿಕೊಂಡವು: ಉತ್ತರ ರಷ್ಯಾಕ್ಕೆ, ಆಗ್ನೇಯ ಬ್ರಿಟನ್ನಿಗೆ, ನಡುವಣದು ತಟಸ್ಥ. ಪರ್ಷಿಯಾವನ್ನು ಕೇಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಪದ ಎಷ್ಟು ಮೃದುವಾಗಿದೆ, ಕೆಲಸ ಎಷ್ಟು ಒರಟಾಗಿದೆ ನೋಡಿ. ಇದೇ ಜೋಡಿಪದ ಖಗೋಳಶಾಸ್ತ್ರದಲ್ಲೂ ಇದೆ. ಅಲ್ಲಿ ಅದಕ್ಕೆ ಅಳತೆಯಿದೆ. ಸೂರ್ಯನ ಸೆಳೆತಕ್ಕಿಂತ ಭೂಮಿಯ ಸೆಳೆತವೇ ಕಕ್ಷೆಗಳನ್ನು ನಿರ್ಧರಿಸುವ ವಲಯ ಸುಮಾರು 9.24 ಲಕ್ಷ ಕಿಲೋಮೀಟರ್ ತ್ರಿಜ್ಯದ್ದು. ಚಂದ್ರ ಸರಾಸರಿ 3.84 ಲಕ್ಷ ಕಿಲೋಮೀಟರ್ ದೂರದಲ್ಲಿ ಅದರೊಳಗೇ ಇದ್ದಾನೆ. ಆಕಾಶದಿಂದ ಇಳಿದ ಪದ ಹೀಗೆ ಲೆಕ್ಕಾಚಾರದ ಸಮೇತ ಆಕಾಶಕ್ಕೆ ಮರಳಿತು.

ಎರಡನೆಯದು ಕಾನೂನಿನ ‘ಅನ್‌ಡ್ಯೂ ಇನ್‌ಫ್ಲುಯೆನ್ಸ್’, ಅನುಚಿತ ಪ್ರಭಾವ. ವೈದ್ಯ ಮತ್ತು ರೋಗಿ, ವಕೀಲ ಮತ್ತು ಕಕ್ಷಿದಾರ, ಪೋಷಕ ಮತ್ತು ಅಪ್ರಾಪ್ತ, ಇಂಥ ಸಂಬಂಧಗಳಲ್ಲಿ ಒಬ್ಬರ ಇಚ್ಛೆಯ ಮೇಲೆ ಇನ್ನೊಬ್ಬರಿಗೆ ಹಿಡಿತ ಸಹಜವಾಗಿಯೇ ಇರುತ್ತದೆ. ಅದನ್ನು ಬಳಸಿಕೊಂಡು ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ ಎಂದು ಇಂಗ್ಲಿಷ್ ನ್ಯಾಯಪದ್ಧತಿ ಹೇಳುತ್ತದೆ. ಮೋಸಹೋದವರು ಆ ಕರಾರನ್ನು ರದ್ದುಪಡಿಸಲು ಕೋರಬಹುದು. ಬೆದರಿಕೆ ಇರಬೇಕಾಗಿಲ್ಲ. ಬೆದರಿಸಿದರೆ ಅದಕ್ಕೆ ಕಾನೂನಿನಲ್ಲಿ ಬೇರೆ ಪದಗಳಿವೆ.

ಇನ್ನುಳಿದವು ತಜ್ಞರ ಪದಗಳು. ಎಂಜಿನಿಯರ್‌ಗಳ ‘ಇನ್‌ಫ್ಲುಯೆನ್ಸ್ ಲೈನ್’ ಎಂದರೆ ಸೇತುವೆಯ ಮೇಲೆ ಭಾರ ಸರಿದಂತೆ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಒತ್ತಡ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗೆರೆ. ಹಳೆಯ ಭೌತಶಾಸ್ತ್ರ ಪುಸ್ತಕಗಳ ‘ಇನ್‌ಫ್ಲುಯೆನ್ಸ್ ಮೆಷಿನ್’ ಎಂದರೆ ಚಕ್ರ ತಿರುಗಿಸಿ ಸ್ಥಿರವಿದ್ಯುತ್ತಿನ ಕಿಡಿ ಹಾರಿಸುವ ಯಂತ್ರ. ಬ್ರಿಟನ್ನಿನ ಎಂಜಿನಿಯರ್ ವಿಮ್‌ಷರ್ಸ್ಟ್ 1880ರ ದಶಕದ ಆರಂಭದಲ್ಲಿ ರೂಪಿಸಿದ್ದು ಅವುಗಳಲ್ಲಿ ಪ್ರಸಿದ್ಧ. ಇವನ್ನು ಪ್ರಭಾವ ಯಂತ್ರ ಎಂದು ಅನುವಾದಿಸಿ ರಾಜಕಾರಣದ ಪುಟಕ್ಕೆ ಕಳುಹಿಸಬೇಡಿ.

ಆರನೆಯ ಹೆಜ್ಜೆ: ಬಹುವಚನ ಕಂಡರೆ ದಿಕ್ಕು ಪರೀಕ್ಷಿಸಿ

‘ಹಿಸ್ ಇನ್‌ಫ್ಲುಯೆನ್ಸ್’ ಎಂದರೆ ಅವನು ಬೇರೆಯವರ ಮೇಲೆ ಬೀರಿದ ಪ್ರಭಾವ. ‘ಹಿಸ್ ಇನ್‌ಫ್ಲುಯೆನ್ಸಸ್’ ಎಂದರೆ ಸಾಮಾನ್ಯವಾಗಿ ಅವನ ಮೇಲೆ ಪ್ರಭಾವ ಬೀರಿದವರು. ಒಂದು ‘ಸಸ್’ ಸೇರಿದ್ದರಿಂದ ಹೊಳೆ ಹಿಮ್ಮುಖವಾಗಿ ಹರಿಯಿತು. ಸಂಗೀತಗಾರನೊಬ್ಬನ ಪರಿಚಯ ಲೇಖನದಲ್ಲಿ ಅವನ ಇನ್‌ಫ್ಲುಯೆನ್ಸಸ್ ಎಂದು ಇಬ್ಬರು ಹಿರಿಯರ ಹೆಸರಿತ್ತು. ಅನುವಾದದಲ್ಲಿ ಅದು ‘ಆ ಇಬ್ಬರ ಮೇಲೆ ಇವರ ಪ್ರಭಾವವಿದೆ’ ಎಂದಾಗಿತ್ತು. ತಮಗಿಂತ ನಲವತ್ತು ವರ್ಷ ಚಿಕ್ಕವನ ಶಿಷ್ಯರಾಗುವ ಯೋಗ ಆ ಹಿರಿಯರಿಗೆ ಒಂದೇ ಸಾಲಿನಲ್ಲಿ ಒದಗಿಬಂದಿತ್ತು. ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿದ್ದದ್ದು ಪುಣ್ಯ.

ವ್ಯಕ್ತಿಯನ್ನೇ ‘ಎ ಗುಡ್ ಇನ್‌ಫ್ಲುಯೆನ್ಸ್’, ‘ಎ ಬ್ಯಾಡ್ ಇನ್‌ಫ್ಲುಯೆನ್ಸ್’ ಎಂದು ಕರೆಯುವುದು ಇಂಗ್ಲಿಷಿನ ರೂಢಿ. ಕನ್ನಡದಲ್ಲಿ ಯಾರನ್ನೂ ‘ಅವನು ಕೆಟ್ಟ ಪ್ರಭಾವ’ ಎಂದು ಕರೆಯಲಾಗದು. ನಮ್ಮಲ್ಲಿ ಅದಕ್ಕೆ ‘ಸಹವಾಸ ದೋಷ’ ಎಂಬ ಅಪ್ಪಟ ಮಾತಿದೆ. ಒಳ್ಳೆಯದಾದರೆ ‘ಅವರ ಒಡನಾಟದಿಂದ ಹುಡುಗ ತಿದ್ದಿಕೊಂಡ’ ಎನ್ನಬಹುದು.

ಏಳನೆಯ ಹೆಜ್ಜೆ: ನೆರೆಮನೆಯ ಪದಗಳಿಂದ ಬೇರ್ಪಡಿಸಿ

ಇಂಪ್ಯಾಕ್ಟ್ ಎಂಬುದರ ಮೂಲದಲ್ಲಿ ಬಡಿಯುವ, ಡಿಕ್ಕಿ ಹೊಡೆಯುವ ಅರ್ಥವಿದೆ. ಭೂಕಂಪಕ್ಕೆ, ಬೆಲೆ ಏರಿಕೆಗೆ ಅದು ಸರಿ. ಈಗಿನ ವರದಿಗಳಲ್ಲಿ ಎಲ್ಲವೂ ಇಂಪ್ಯಾಕ್ಟ್ ಆಗಿಬಿಟ್ಟಿದೆ, ಪುಸ್ತಕ ಓದಿದರೂ ಡಿಕ್ಕಿಯೇ. ನಿಧಾನವಾಗಿ ಇಳಿದದ್ದಕ್ಕೆ ಇನ್‌ಫ್ಲುಯೆನ್ಸ್ ಎನ್ನುವುದೇ ಲೇಸು.

ಇನ್‌ಸ್ಪಯರ್ ಎಂದರೆ ಮೂಲದಲ್ಲಿ ಉಸಿರನ್ನು ಒಳಗೆ ಊದುವುದು. ಉಸಿರು ಸಿಕ್ಕವನು ಎದ್ದು ಏನಾದರೂ ಮಾಡುತ್ತಾನೆ; ಸ್ಫೂರ್ತಿ ಯಾವಾಗಲೂ ಒಳ್ಳೆಯದರ ಕಡೆಗೆ ವಾಲುತ್ತದೆ. ಇನ್‌ಫ್ಲುಯೆನ್ಸ್‌ಗೆ ಅಂಥ ಪಕ್ಷಪಾತವಿಲ್ಲ.

ಪರ್ಸ್ವೇಡ್ ಎಂದರೆ ಮಾತಿನಿಂದ ಒಪ್ಪಿಸುವುದು. ಅದರೊಳಗಿನ ಲ್ಯಾಟಿನ್ ಧಾತು ಮತ್ತು ನಮ್ಮ ‘ಸ್ವಾದು’ ಒಂದೇ ಬೇರಿನವು, ಅಂದರೆ ಕಹಿಯನ್ನು ಸಿಹಿ ಮಾಡಿ ಉಣಿಸುವುದು. ಒಪ್ಪಿದವನಿಗೆ ತಾನು ಒಪ್ಪಿದ್ದು ಗೊತ್ತಿರುತ್ತದೆ. ಇನ್‌ಫ್ಲುಯೆನ್ಸ್‌ಗೆ ಒಳಗಾದವನಿಗೆ ಎಷ್ಟೋ ಸಲ ಅದರ ಅರಿವೇ ಇರುವುದಿಲ್ಲ.

ಅಥಾರಿಟಿ ಹುದ್ದೆಯ ಜೊತೆ ಬರುತ್ತದೆ, ಹುದ್ದೆಯ ಜೊತೆ ಹೋಗುತ್ತದೆ. ನಿವೃತ್ತರಾದ ಮೇಲೂ ಕಚೇರಿಯಲ್ಲಿ ಯಾರ ಮಾತಿಗೆ ಜನ ಕಿವಿಗೊಡುತ್ತಾರೋ ಅವರಿಗಿರುವುದು ಇನ್‌ಫ್ಲುಯೆನ್ಸ್.

ಎಂಟನೆಯ ಹೆಜ್ಜೆ: ಕನ್ನಡದ ಪೆಟ್ಟಿಗೆಯನ್ನು ಪೂರ್ತಿ ತೆರೆಯಿರಿ

ಒಂದೇ ‘ಪ್ರಭಾವ’ವನ್ನು ಎಲ್ಲ ಕಡೆ ಸವೆಸುವ ಅಗತ್ಯ ನಮಗಿಲ್ಲ. ವ್ಯಕ್ತಿತ್ವದ ಬಲದಿಂದ ಬಂದದ್ದು ವರ್ಚಸ್ಸು. ಕಲೆ, ಸಾಹಿತ್ಯದಲ್ಲಿ ಹಿರಿಯರಿಂದ ಉಳಿದುಕೊಂಡದ್ದು ಛಾಪು ಅಥವಾ ನೆರಳು. ‘ಅವರ ಮೊದಲ ಕವಿತೆಗಳಲ್ಲಿ ಗುರುವಿನ ನೆರಳು ದಟ್ಟವಾಗಿದೆ’ ಎಂದರೆ ಸ್ವಲ್ಪ ಆಕ್ಷೇಪವೂ ಸೇರುತ್ತದೆ. ಹೊಸ ವಿಚಾರಗಳ ಬಗ್ಗೆಯಾದರೆ ಗಾಳಿ ಸೋಕುವುದು. ತೆರೆಮರೆಯಲ್ಲಿ ನಡೆದದ್ದು ಕೈವಾಡ.

ಕೆಲಸ ಮಾಡಿಸಿಕೊಳ್ಳಲು ದೊಡ್ಡವರ ಹೆಸರು ಹೇಳಿಸುವ ಇನ್‌ಫ್ಲುಯೆನ್ಸ್ ಇದೆಯಲ್ಲ, ಅದಕ್ಕೆ ಕನ್ನಡದ ಪದ ‘ವಶೀಲಿ’. ಸಾಧನ, ದಾರಿ ಎಂಬ ಅರ್ಥದ ಅರಬ್ಬಿಯ ‘ವಸೀಲಾ’ದಿಂದ ಬಂದದ್ದು. ‘ಪ್ರಭಾವ ಬಳಸಿ ಕೆಲಸ ಪಡೆದ’ ಎಂದು ಬರೆದರೆ ಆರೋಪ ಮೊಂಡಾಗುತ್ತದೆ. ವಶೀಲಿ ಹಚ್ಚಿ ಕೆಲಸ ಗಿಟ್ಟಿಸಿದ ಎನ್ನಿ, ಓದುಗರಿಗೆ ಇಡೀ ದೃಶ್ಯ ಕಾಣುತ್ತದೆ.

ಇನ್‌ಫ್ಲುಯೆನ್ಸರ್‌ಗೆ ಏನು ಮಾಡುವುದು? ‘ಪ್ರಭಾವಿ’ ಎಂದು ಕೆಲವರು ಬರೆಯುತ್ತಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪತ್ರಿಕೆಯ ಕನ್ನಡದಲ್ಲಿ ಪ್ರಭಾವಿ ಎಂದರೆ ಹಿಂದೆ ನಾಲ್ಕು ಕಾರು ಇಟ್ಟುಕೊಂಡು ಓಡಾಡುವ ನಾಯಕ. ಮುಖಕ್ಕೆ ಯಾವ ಕ್ರೀಮ್ ಹಚ್ಚಬೇಕೆಂದು ವಿಡಿಯೊದಲ್ಲಿ ಹೇಳುವ ಹುಡುಗಿಯನ್ನೂ ಹಾಗೆ ಕರೆದರೆ ಇಬ್ಬರಿಗೂ ಅನ್ಯಾಯ. ಇನ್‌ಫ್ಲುಯೆನ್ಸರ್ ಎಂದೇ ಕನ್ನಡ ಲಿಪಿಯಲ್ಲಿ ಬಿಡಿ.

ಕೊನೆಯ ಹೆಜ್ಜೆ: ಕೈ ಪಳಗಿಸಿ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿದರೆ ಇನ್‌ಫ್ಲುಯೆನ್ಸ್ ಯಾವ ರೂಪದಲ್ಲಿ, ಯಾವ ಕೀಲಿನ ಜೊತೆ ಬರುತ್ತದೆ ಎಂದು ಮೊದಲು ನೀವೇ ಯೋಚಿಸಿ, ಆಮೇಲೆ ಮುಂದೆ ಓದಿ.

‘ಅಜ್ಜಿಯ ಕಥೆಗಳು ಆ ಕವಿಯನ್ನು ರೂಪಿಸಿದವು.’ ಕ್ರಿಯಾಪದ, ಆನ್ ಬೇಡ.

‘ಆ ಕವಿಯ ಮೇಲೆ ಅಜ್ಜಿಯ ಛಾಪು ಇದೆ.’ ನಾಮಪದ, ಆನ್ ಬೇಕು. ಅಜ್ಜಿ ಮತ್ತು ಒಬ್ಬ ಶಿಕ್ಷಕರು ಎಂದು ಇಬ್ಬರನ್ನು ಹೆಸರಿಸಿದರೆ ಬಹುವಚನ ಬಳಸಿ ಕವಿಯ ಇನ್‌ಫ್ಲುಯೆನ್ಸಸ್ ಎನ್ನಬಹುದು.

‘ಆಡಳಿತ ಮಂಡಳಿಯ ಹತ್ತಿರ ಅವರ ಮಾತು ನಡೆಯುತ್ತದೆ.’ ವಿತ್.

‘ತಮ್ಮನನ್ನು ಅವನು ತನಗೆ ಬೇಕಾದಂತೆ ಕುಣಿಸುತ್ತಾನೆ.’ ಓವರ್.

ಇನ್ನೊಂದು ಸ್ವಲ್ಪ ಕಷ್ಟದ್ದು: ‘ಔಷಧದ ಮಂಪರಿನಲ್ಲಿದ್ದ ವೃದ್ಧರಿಂದ, ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯನೇ ದಾನಪತ್ರಕ್ಕೆ ಸಹಿ ಹಾಕಿಸಿಕೊಂಡ.’ ಇಲ್ಲಿ ಇನ್‌ಫ್ಲುಯೆನ್ಸ್ ಎರಡು ಸಲ ಬರಬೇಕು. ವೃದ್ಧರು ಔಷಧದ ಕೆಳಗಿದ್ದರು, ಆದ್ದರಿಂದ ಅಂಡರ್. ವೈದ್ಯ ಮಾಡಿದ್ದಕ್ಕೆ ಅನ್‌ಡ್ಯೂ. ಇಂಗ್ಲಿಷಿನ ವಕೀಲ ಒಂದೇ ಪದದಲ್ಲಿ ಎರಡನ್ನೂ ಹೇಳಿ ಮುಗಿಸುತ್ತಾನೆ. ಕನ್ನಡದಲ್ಲಿ ಬರೆಯುವವರು ಮೊದಲನೆಯದಕ್ಕೆ ಮಂಪರು, ಎರಡನೆಯದಕ್ಕೆ ಅನುಚಿತ ಪ್ರಭಾವ ಎಂದು ಬೇರೆ ಬೇರೆಯಾಗಿಯೇ ಬರೆಯಬೇಕು.